ಒಂದು ಮೈದಾನ, ಎರಡು ತಂಡ

ಉಳವಿಯ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಚನ್ನಬಸವಣ್ಣನವರ ಸಮಾಧಿ, ಭರತ ಹುಣ್ಣಿಮೆಯ ಜಾತ್ರೆ, ಬಯಲುಸೀಮೆಯಿಂದ ಚಕ್ಕಡಿ ಹೂಡಿಕೊಂಡು ಕಾಡಿನ ಹಾದಿ ಹಿಡಿಯುವ ಭಕ್ತರ ಸಾಲು. ಆ ಹಾದಿಯಲ್ಲಿ ಫುಟ್‌ಬಾಲ್ ಎಂಬ ಮಾತು ಯಾರಿಗೂ ಹೊಳೆಯಲಾರದು. ಹಳಿಯಾಳವೆಂದರೆ ಕುಸ್ತಿ, ದಾಂಡೇಲಿಯೆಂದರೆ ಕಾಗದದ ಕಾರ್ಖಾನೆ, ಜೋಯಿಡಾ ಎಂದರೆ ಕಾಡು ಮತ್ತು ಕಾಳಿ ನದಿ ಎಂಬುದು ವಾಡಿಕೆಯ ಮಾತು. ಆದರೆ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಉಳವಿಯ ಪಶ್ಚಿಮಕ್ಕೆ ಗೋವಾ. ಅಲ್ಲಿ ಊರಿಗೊಂದು ಚರ್ಚು ಇದ್ದಂತೆ ಊರಿಗೊಂದು ಫುಟ್‌ಬಾಲ್ ಬಯಲು. ಉತ್ತರಕ್ಕೆ ಬೆಳಗಾವಿ; ಅದು ಹಳೆಯ ದಂಡಿನ ಊರು, ಮಿಷನ್ ಶಾಲೆಗಳ ಊರು. ಪೂರ್ವಕ್ಕೆ ಮುಂಡಗೋಡ; ಅಲ್ಲಿನ ಟಿಬೆಟನ್ ಕ್ಯಾಂಪಿನ ಹುಡುಗರಿಗೆ ಫುಟ್‌ಬಾಲ್ ಅಚ್ಚುಮೆಚ್ಚು.

ಮೂರು ದಿಕ್ಕಿಗೂ ಚೆಂಡು ಉರುಳುತ್ತಿರುವಾಗ ನಡುವಿನ ಈ ನಾಡಿನ ಸಣ್ಣ ಕಾಲೇಜೊಂದು ಹುಡುಗರದೊಂದು, ಹುಡುಗಿಯರದೊಂದು ಫುಟ್‌ಬಾಲ್ ತಂಡ ಕಟ್ಟಲು ಏನು ಬೇಕು? ಪ್ರಶ್ನೆ ಸಣ್ಣದು. ಉತ್ತರಕ್ಕಾಗಿ ಮಾತ್ರ ಸುಮಾರು ನೂರೈವತ್ತು ವರ್ಷಗಳ ಚರಿತ್ರೆಯನ್ನು ತಿರುವಿಹಾಕಬೇಕಾಗುತ್ತದೆ. ಒಳ್ಳೆಯ ಆಟಗಾರರು ಇದ್ದರೆ ತಂಡ ತಾನಾಗಿ ಹುಟ್ಟುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಚರಿತ್ರೆ ಹೇಳುವುದು ಬೇರೆ. ತಂಡ ಹುಟ್ಟಬೇಕಾದರೆ ಮೂರು ಸಂಗತಿಗಳು ಬೇಕು: ಆಡಲು ಮೈದಾನ, ಎದುರಿಗೆ ಇನ್ನೊಂದು ತಂಡ, ಮತ್ತು ವರ್ಷ ವರ್ಷವೂ ತಪ್ಪದೆ ಬರುವ ಪಂದ್ಯಗಳ ಪಟ್ಟಿ. ಈ ಮೂರೂ ಇದ್ದಲ್ಲಿ ಆಟಗಾರರು ತಾವಾಗಿ ಬಂದಿದ್ದಾರೆ. ಇವು ಇಲ್ಲದ ಕಡೆ ಎಂಥ ಪ್ರತಿಭೆಯೂ ಒಂದೆರಡು ವರ್ಷ ಮಿಂಚಿ ಮರೆಯಾಗಿದೆ. ಹೆಣ್ಣುಮಕ್ಕಳನ್ನು ಈ ಆಟದಿಂದ ದೂರವಿಟ್ಟದ್ದು ಕೂಡ ಈ ಮೂರನ್ನು ಅವರಿಗೆ ಕೊಡದೆ ಇದ್ದುದರಿಂದಲೇ.

ಶಾಲೆಯ ಅಂಗಳದಿಂದ ಬಂದ ಆಟ

ಭಾರತಕ್ಕೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಗೆ. ಆದರೆ ಭಾರತೀಯರ ಕಾಲಿಗೆ ಅದು ದಕ್ಕಿದ್ದು ವಿದ್ಯಾಸಂಸ್ಥೆಗಳ ಮೂಲಕ. 1877ರಲ್ಲಿ ಕಲ್ಕತ್ತೆಯ ಮೈದಾನದಲ್ಲಿ ಸೈನಿಕರು ಆಡುತ್ತಿದ್ದ ಚೆಂಡು ತನ್ನ ಬಳಿಗೆ ಉರುಳಿ ಬಂದಾಗ ಅದನ್ನು ಒದ್ದು ಹಿಂತಿರುಗಿಸಿದ ನಗೇಂದ್ರಪ್ರಸಾದ ಸರ್ಬಾಧಿಕಾರಿ ಎಂಬ ಬಾಲಕನ ಕಥೆ ಪ್ರಸಿದ್ಧವಾದದ್ದು. ಆತ ಹೇರ್ ಸ್ಕೂಲಿನ ವಿದ್ಯಾರ್ಥಿ. ಆ ಹುಡುಗರಿಗೆ ಆಟದ ನಿಯಮಗಳನ್ನು ತಿಳಿಸಿಕೊಟ್ಟವರು ಪ್ರೆಸಿಡೆನ್ಸಿ ಕಾಲೇಜಿನ ಸ್ಟ್ಯಾಕ್ ಎಂಬ ಪ್ರಾಧ್ಯಾಪಕರು. 1911ರಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಾಗ ತಂಡದಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ, ಸುಧೀರ್ ಚಟರ್ಜಿ. ಅವರ ವೃತ್ತಿ ಮಿಷನ್ ಕಾಲೇಜಿನಲ್ಲಿ ಅಧ್ಯಾಪನ.

ನಮ್ಮ ಉಳವಿಯ ನೆರೆಯ ಗೋವಾಕ್ಕೂ ಆಟ ಬಂದ ದಾರಿ ಇದೇ. 1883ರಲ್ಲಿ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ ಸಿಯೋಲಿಂ ಎಂಬ ಊರಿನಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸಿದರು ಎಂದು ಗೋವೆಯ ಕ್ರೀಡಾ ಚರಿತ್ರೆ ಹೇಳುತ್ತದೆ. ಬೆಳಗಾವಿಯಲ್ಲಿ ಬ್ರಿಟಿಷರ ದಂಡು ಇತ್ತು. ಜೊತೆಗೆ 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್‌ನಂಥ ಶಾಲೆ ಇತ್ತು. ದಂಡಿನ ಬಯಲು ಮತ್ತು ಶಾಲೆಯ ಬಯಲು ಎರಡೂ ಇದ್ದ ಊರಿನಲ್ಲಿ ಆಟ ಬೇರೂರುವುದು ಕಷ್ಟವಾಗಲಿಲ್ಲ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಮಾಡಿದ್ದು ಬೆಂಗಳೂರು ಕಂಟೋನ್ಮೆಂಟ್. ಅಲ್ಲಿ ಸೈನ್ಯದ ತಂಡಗಳು ಇದ್ದವು, ಅವುಗಳ ಎದುರು ಆಡಲು ಊರ ತಂಡಗಳು ಹುಟ್ಟಿದವು. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬ್ರಿಟಿಷ್ ಸೈನ್ಯದ ತಂಡಗಳ ಪಾಲಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಆ ವರ್ಷ 1937. ಮುಂದಿನ ವರ್ಷವೂ ಕಪ್ ಅವರದೇ ಆಯಿತು. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು. ನಮ್ಮ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿದ್ದರು. ಸ್ವತಂತ್ರ ಭಾರತದ ಆ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಧನರಾಜ್, ವಜ್ರವೇಲು, ಅಹ್ಮದ್ ಖಾನ್ ಅವರೂ ಆ ತಂಡಕ್ಕೆ ಬೆಂಗಳೂರು ಕೊಟ್ಟ ಆಟಗಾರರೇ.

ಇಷ್ಟೊಂದು ಆಟಗಾರರು ಒಂದೇ ಊರಿನಿಂದ ಬಂದದ್ದು ಹೇಗೆ? ಕಂಟೋನ್ಮೆಂಟಿನ ಗಾಳಿ ನೀರಿನಲ್ಲಿ ವಿಶೇಷವೇನೂ ಇರಲಿಲ್ಲ. ಅಲ್ಲಿ ಬಯಲು ಇತ್ತು, ಎದುರಾಳಿ ಇದ್ದ, ಪ್ರತಿ ವರ್ಷ ಪಂದ್ಯಾವಳಿ ನಡೆಯುತ್ತಿತ್ತು. ಮೈಸೂರು 1952–53ರಲ್ಲಿ, 1967–68ರಲ್ಲಿ, 1968–69ರಲ್ಲಿ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಆ ಬಳಿಕ ರಾಜ್ಯದ ಹೆಸರು ಕರ್ನಾಟಕವಾಯಿತು. ಟ್ರೋಫಿ ಮಾತ್ರ 54 ವರ್ಷ ದೂರವೇ ಉಳಿಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಪಡೆಯಿತು.

ಉಳವಿಯ ಸುತ್ತಲಿನ ನಾಡು ಈ ಬೆಂಗಳೂರು ಕಥೆಯಿಂದ ಹೊರಗಿತ್ತು ಎಂಬುದನ್ನು ಮರೆಯಬಾರದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಳಿಯಾಳ, ಸೂಪಾ ಕಡೆಯ ಹುಡುಗನಿಗೆ ಬೆಂಗಳೂರು ಪರರಾಜ್ಯದ ಊರು. ಓದು ಮುಂದುವರಿಸಲು ಆತ ಹೋಗುತ್ತಿದ್ದುದು ಧಾರವಾಡಕ್ಕೆ. ಕಾಡಿನೊಳಗೆ ದಂಡು ಬೀಡು ಬಿಟ್ಟಿರಲಿಲ್ಲ. ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದದ್ದೇ 1955ರಲ್ಲಿ. ತಾಲ್ಲೂಕಿನ ಕೇಂದ್ರವಾಗಿದ್ದ ಹಳೆಯ ಸೂಪಾ ಪಟ್ಟಣ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಕಚೇರಿ ಶಾಲೆಗಳೆಲ್ಲ ಜೋಯಿಡಾಕ್ಕೆ ಬಂದವು. ನೆಲೆಯೇ ಹೀಗೆ ಬದಲಾಗುತ್ತಿದ್ದ ನಾಡಿನಲ್ಲಿ ಆಟದ ಪರಂಪರೆಯೊಂದು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಸುಲಭವಲ್ಲ.

ಆಟವನ್ನಲ್ಲ, ಮೈದಾನವನ್ನು ನಿಷೇಧಿಸಿದರು

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಂಡಸರ ಕಥೆ. ಹೆಂಗಸರು ಫುಟ್‌ಬಾಲ್ ಆಡಲು ಆರಂಭಿಸಿದ್ದು ತೀರ ಇತ್ತೀಚೆಗೆ ಎಂಬುದು ನಮ್ಮಲ್ಲಿ ಹಲವರ ಎಣಿಕೆ. ಅದು ನಿಜವಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಂಡಸರು ಯುದ್ಧಕ್ಕೆ ಹೋದಾಗ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರು ಹೆಂಗಸರು. ಬಿಡುವಿನ ವೇಳೆಯಲ್ಲಿ ಅವರು ಕಾರ್ಖಾನೆಯ ಅಂಗಳದಲ್ಲಿ ಚೆಂಡಾಡತೊಡಗಿದರು. ಪ್ರೆಸ್ಟನ್ ಎಂಬ ಊರಿನ ಡಿಕ್ ಕೆರ್ ಕಾರ್ಖಾನೆಯ ಮಹಿಳಾ ತಂಡ ಗಾಯಾಳು ಸೈನಿಕರ ನೆರವಿಗಾಗಿ ಪಂದ್ಯಗಳನ್ನು ಆಡಿ ಹಣ ಕೂಡಿಸಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಆ ತಂಡದ ಪಂದ್ಯ ನೋಡಲು ಸೇರಿದ ಜನ ಸುಮಾರು 53 ಸಾವಿರ.

ಒಂದು ವರ್ಷವೂ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ನಿರ್ಣಯ ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕುದಲ್ಲ ಎಂದು ಅದರ ಅಭಿಪ್ರಾಯ. ಆದರೆ ಆಡಬೇಡಿ ಎಂದು ಆಜ್ಞೆ ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಅದು ಮಾಡಿದ್ದು ಇಷ್ಟೇ: ತನ್ನ ಸದಸ್ಯ ಕ್ಲಬ್ಬುಗಳು ತಮ್ಮ ಮೈದಾನವನ್ನು ಮಹಿಳಾ ಪಂದ್ಯಗಳಿಗೆ ಕೊಡಬಾರದು ಎಂದಿತು. ಅಷ್ಟು ಸಾಕಾಯಿತು. ಮೈದಾನ ಹೋದ ಮೇಲೆ ಪ್ರೇಕ್ಷಕರು ಹೋದರು, ಹಣ ಹೋಯಿತು, ತಂಡಗಳು ಒಂದೊಂದಾಗಿ ಕರಗಿದವು. ಈ ನಿಷೇಧ ತೆರವಾಗಲು ಅರ್ಧ ಶತಮಾನವೇ ಬೇಕಾಯಿತು. ಫುಟ್‌ಬಾಲನ್ನೇ ಉಸಿರಾಡುವ ಬ್ರೆಜಿಲ್ ದೇಶದಲ್ಲೂ 1941ರಿಂದ 1979ರವರೆಗೆ ಹೆಂಗಸರು ಈ ಆಟವನ್ನು ಆಡುವುದಕ್ಕೆ ಕಾನೂನಿನ ಅಡ್ಡಿ ಇತ್ತು. ಜರ್ಮನಿಯ ಫುಟ್‌ಬಾಲ್ ಸಂಸ್ಥೆಯೂ 1955ರಿಂದ 1970ರವರೆಗೆ ಇಂಥದೇ ನಿಷೇಧವನ್ನು ಹೇರಿತ್ತು.

ಮುಚ್ಚಿದ್ದ ಬಾಗಿಲು ದೊಡ್ಡ ಪ್ರಮಾಣದಲ್ಲಿ ತೆರೆದದ್ದು ಅಮೆರಿಕದಲ್ಲಿ. ಅದೂ ಕಾಲೇಜುಗಳ ಮೂಲಕ. 1972ರ ಜೂನ್ 23ರಂದು ಅಲ್ಲಿ ಜಾರಿಗೆ ಬಂದ ಶಿಕ್ಷಣ ಕಾನೂನಿನ ಒಂದು ಭಾಗ ಕೆಲವೇ ಸಾಲಿನದು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಹೆಣ್ಣು ಗಂಡೆಂದು ಭೇದ ಮಾಡಕೂಡದು ಎಂಬುದು ಅದರ ತಿರುಳು. 'ಟೈಟಲ್ ನೈನ್' ಎಂದು ಅದು ಪ್ರಸಿದ್ಧವಾಗಿದೆ. ಅದರಲ್ಲಿ ಆಟದ ಪ್ರಸ್ತಾಪವೇ ಇಲ್ಲ. ಆದರೆ ಆಟವೂ ಶಿಕ್ಷಣದ ಭಾಗ ಎಂದು ಒಪ್ಪಿಕೊಂಡ ಮೇಲೆ ಹುಡುಗರಿಗೆ ತಂಡವಿರುವ ಕಾಲೇಜು ಹುಡುಗಿಯರಿಗೂ ಅವಕಾಶ ಒದಗಿಸಬೇಕಾಯಿತು. ಕಾನೂನು ಬರುವ ಹೊತ್ತಿಗೆ ಅಮೆರಿಕದ ಪ್ರೌಢಶಾಲೆಗಳಲ್ಲಿ ಫುಟ್‌ಬಾಲ್ ಆಡುತ್ತಿದ್ದ ಹುಡುಗಿಯರು ಸುಮಾರು 700 ಮಂದಿ ಮಾತ್ರ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ಸಂಖ್ಯೆ 1.2 ಲಕ್ಷ ದಾಟಿತು. ಕಾಲೇಜು ಗಂಡಸರ ರಾಷ್ಟ್ರೀಯ ಚಾಂಪಿಯನ್‌ಷಿಪ್ 1959ರಲ್ಲೇ ಆರಂಭವಾಗಿತ್ತು. ಹೆಂಗಸರದು 1982ರಲ್ಲಿ ಆರಂಭವಾಯಿತು. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಅಮೆರಿಕ ಗೆದ್ದದ್ದು ಈ ಕಾಲೇಜು ತಂಡಗಳ ಫಲ.

ಅಲ್ಲಿನ ಸಣ್ಣ ಕಾಲೇಜುಗಳ ಪದ್ಧತಿ ನಮ್ಮ ಗಮನಕ್ಕೆ ತಕ್ಕುದು. ಒಂದೆರಡು ಸಾವಿರ ವಿದ್ಯಾರ್ಥಿಗಳಷ್ಟೇ ಇರುವ ಕಾಲೇಜುಗಳು 'ಮೂರನೆಯ ವಿಭಾಗ' ಎಂಬ ಗುಂಪಿನಲ್ಲಿ ಆಡುತ್ತವೆ. ಆ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಟಿವಿ ಹಣವಿಲ್ಲ, ದೊಡ್ಡ ಪ್ರೇಕ್ಷಕ ಸಮೂಹವೂ ಇಲ್ಲ. ಆದರೂ ಅಂಥ ಅನೇಕ ಕಾಲೇಜುಗಳಲ್ಲಿ ಗಂಡಸರದೊಂದು, ಹೆಂಗಸರದೊಂದು ತಂಡ ಇರುತ್ತದೆ. ಎರಡೂ ಒಂದೇ ಮೈದಾನದಲ್ಲಿ ಆಡುತ್ತವೆ. ಸುತ್ತಲಿನ ಅಂಥವೇ ಸಣ್ಣ ಕಾಲೇಜುಗಳ ತಂಡಗಳನ್ನು ವರ್ಷವೂ ಎದುರಿಸುತ್ತವೆ. ಇದರಲ್ಲಿ ಎಲ್ಲವೂ ಸರಿಯಾಗಿದೆ ಎಂದೇನಲ್ಲ. ಲೆಕ್ಕ ಸರಿದೂಗಿಸುವ ನೆಪದಲ್ಲಿ ಕೆಲವು ಕಾಲೇಜುಗಳು ಗಂಡಸರ ಕುಸ್ತಿ ತಂಡಗಳನ್ನೇ ಕೈಬಿಟ್ಟವು. ಹಳಿಯಾಳದವರು ಇದನ್ನು ಖಂಡಿತ ಒಪ್ಪಲಾರರು. ಒಬ್ಬರಿಗೆ ಕೊಡಲು ಇನ್ನೊಬ್ಬರಿಂದ ಕಿತ್ತುಕೊಳ್ಳುವುದು ಸಮಾನತೆಯ ಸುಲಭ ದಾರಿಯೇ ಹೊರತು ಒಳ್ಳೆಯ ದಾರಿಯಲ್ಲ.

ನಮ್ಮ ದೇಶದ ಹುಡುಗಿಯರು

ಭಾರತದಲ್ಲಿ ಕಾನೂನಿನ ನಿಷೇಧವೇನೂ ಇರಲಿಲ್ಲ, ವ್ಯವಸ್ಥೆಯೂ ಇರಲಿಲ್ಲ. 1975ರಲ್ಲಿ ಮಹಿಳಾ ಫುಟ್‌ಬಾಲ್ ಫೆಡರೇಷನ್ ಪ್ರತ್ಯೇಕವಾಗಿ ಹುಟ್ಟಿಕೊಂಡಿತು. ಗಂಡಸರ ಆಟವನ್ನು ನೋಡಿಕೊಳ್ಳುತ್ತಿದ್ದ ಅಖಿಲ ಭಾರತ ಸಂಸ್ಥೆಗೆ ಅದು ಸೇರಿರಲಿಲ್ಲ. ಕೈಯಲ್ಲಿ ಹಣವಿಲ್ಲದ ಆ ಕಾಲದಲ್ಲೇ ನಮ್ಮ ಹುಡುಗಿಯರು ಸಾಧಿಸಿದ್ದು ಕಡಿಮೆಯಲ್ಲ. 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. 1983ರಲ್ಲಿ ಬ್ಯಾಂಕಾಕ್‌ನಲ್ಲೂ ಮತ್ತೆ ಎರಡನೆಯ ಸ್ಥಾನ. ಬೆಂಗಳೂರಿನ ಚಿತ್ರಾ ಗಂಗಾಧರನ್ ಅಂಥವರು ಭಾರತದ ಪರ ಆಡಿದ್ದು ಆ ತಲೆಮಾರಿನಲ್ಲೇ.

ಆದರೆ ಆ ಗೆಲುವುಗಳ ಕೆಳಗೆ ನೆಲಗಟ್ಟು ಇರಲಿಲ್ಲ. ಶಾಲೆಯಲ್ಲಿ ಆಡಿದ ಹುಡುಗಿಗೆ ಕಾಲೇಜಿನಲ್ಲಿ ತಂಡವಿಲ್ಲ. ಕಾಲೇಜಿನಲ್ಲಿ ಆಡಿದವಳಿಗೆ ಮುಂದೆ ಲೀಗ್ ಇಲ್ಲ. 1990ರ ದಶಕದಲ್ಲಿ ಆಡಳಿತ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ಬಂದ ಮೇಲೂ ಬಹುಕಾಲ ಇದೇ ಸ್ಥಿತಿ. ರಾಷ್ಟ್ರಮಟ್ಟದ ಮಹಿಳಾ ಲೀಗ್ ಆರಂಭವಾದದ್ದು 2016–17ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ, 2023ರಲ್ಲಿ, ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಅದರ ಫೈನಲ್ ತಲುಪಿತು. 2025ರ ಜುಲೈನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿದ ಭಾರತದ ಮಹಿಳೆಯರು ಅರ್ಹತಾ ಪಂದ್ಯಗಳನ್ನು ಆಡಿಯೇ ಏಷ್ಯಾ ಕಪ್ಪಿಗೆ ಪ್ರವೇಶ ಪಡೆದರು. ಪಂದ್ಯಗಳ ಪಟ್ಟಿ ಇದ್ದರೆ ತಂಡ ಬೆಳೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂಡಗೋಡದ ಪಾಠ

ಇನ್ನು ಉಳವಿಯ ಪೂರ್ವದ ನೆರೆಗೆ ಬರೋಣ. ಮುಂಡಗೋಡದ ಟಿಬೆಟನ್ ನೆಲೆ, ಅವರ ಮಾತಿನಲ್ಲಿ ದೊಯಗುಲಿಂಗ್, ಆರಂಭವಾದದ್ದು 1966ರಲ್ಲಿ. ತಾಯ್ನಾಡು ಬಿಟ್ಟು ಬಂದವರು ಕಾಡು ಕಡಿದು ಹೊಲ ಮಾಡಿದರು. ಗಾಂದೆನ್ ಮತ್ತು ದ್ರೆಪುಂಗ್ ಎಂಬ ಮಹಾಮಠಗಳು ಇಲ್ಲಿ ಮರುಹುಟ್ಟು ಪಡೆದವು.

ಫುಟ್‌ಬಾಲಿಗೂ ಟಿಬೆಟ್ಟಿಗೂ ಇರುವ ನಂಟಿನ ಕಥೆ ವಿಚಿತ್ರವಾದದ್ದು. 1936ರಲ್ಲಿ ಲ್ಹಾಸಾಕ್ಕೆ ಹೋದ ಬ್ರಿಟಿಷ್ ನಿಯೋಗದ ಅಧಿಕಾರಿಗಳು ಅಲ್ಲಿ ತಂಡ ಕಟ್ಟಿ ಊರವರೊಡನೆ ಆಡಿದರು. ಆಟ ಬೇಗ ಜನಪ್ರಿಯವಾಯಿತು. ಆದರೆ 1940ರ ದಶಕದಲ್ಲಿ ಪಂದ್ಯದ ನಡುವೆ ಆಲಿಕಲ್ಲಿನ ಮಳೆ ಸುರಿಯಿತೆಂದೂ, ಅದನ್ನು ಅಪಶಕುನವೆಂದು ಬಗೆದು ಆಟವನ್ನು ನಿಷೇಧಿಸಲಾಯಿತೆಂದೂ ಆ ಕಾಲದ ಬರಹಗಳು ಹೇಳುತ್ತವೆ. ಹೀಗೆ ತವರಿನಲ್ಲಿ ನಿಷೇಧಗೊಂಡ ಆಟ ನಿರಾಶ್ರಿತರ ಶಾಲೆಗಳಲ್ಲಿ ಮತ್ತೆ ಚಿಗುರಿತು.

ಚಿಗುರಿದ್ದನ್ನು ಉಳಿಸಿಕೊಂಡದ್ದು ಒಂದು ಪಂದ್ಯಾವಳಿ. ದಲೈ ಲಾಮಾ ಅವರ ತಾಯಿ 1981ರಲ್ಲಿ ತೀರಿಕೊಂಡರು. ಅವರ ನೆನಪಿನಲ್ಲಿ ಅದೇ ವರ್ಷ ಆರಂಭವಾದ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್ ಪಂದ್ಯಾವಳಿಗೆ ದೇಶದ ಬೇರೆ ಬೇರೆ ಟಿಬೆಟನ್ ನೆಲೆಗಳ ತಂಡಗಳು ಸೇರುತ್ತವೆ. ಮುಂಡಗೋಡದ ದೊಯಗುಲಿಂಗ್ ತಂಡವೂ ಅವುಗಳಲ್ಲೊಂದು. ಇಲ್ಲಿಯೂ ಕೆಲಸ ಮಾಡಿದ್ದು ಅದೇ ಸೂತ್ರ: ನೆಲೆಗೊಂದು ಬಯಲು, ಎದುರಿಗೆ ಇನ್ನೊಂದು ನೆಲೆಯ ತಂಡ, ಮತ್ತೆ ಮತ್ತೆ ಬರುವ ಕಪ್. ಇದರ ಬಲದ ಮೇಲೆ ನಾಡಿಲ್ಲದವರು ನಾಡಿನ ತಂಡವನ್ನೇ ಕಟ್ಟಿದರು. 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಟಿಬೆಟ್ ತಂಡ ಗ್ರೀನ್‌ಲ್ಯಾಂಡ್ ವಿರುದ್ಧ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿ 1–4ರಿಂದ ಸೋತಿತು.

ಆದರೆ ಇದೇ ಸಮಾಜದಲ್ಲಿ ಹುಡುಗಿಯರ ಸರದಿ ಬಂದದ್ದು ಕಪ್ ಆರಂಭವಾಗಿ ಮೂವತ್ತು ವರ್ಷಗಳಾದ ಮೇಲೆ. 2010ರ ನಂತರ ಅಮೆರಿಕದ ಕ್ಯಾಸಿ ಚೈಲ್ಡರ್ಸ್ ಎಂಬ ಮಹಿಳೆ ಟಿಬೆಟನ್ ಶಾಲೆಗಳ ಹುಡುಗಿಯರನ್ನು ಕೂಡಿಸಿ ತರಬೇತಿ ಆರಂಭಿಸಿದರು. ಮಹಿಳೆಯರ ತಂಡ ಮೂಡಿತು. 2017ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಪಂದ್ಯಾವಳಿಯೊಂದಕ್ಕೆ ಆಹ್ವಾನ ಬಂದಾಗ ಆ ಹುಡುಗಿಯರಿಗೆ ವೀಸಾ ಸಿಗಲಿಲ್ಲ. ಚೆಂಡು ಒದೆಯುವುದನ್ನು ಅವರು ಕಲಿತಾಗಿತ್ತು. ಎದುರಾಳಿಯ ಬಳಿಗೆ ಹೋಗುವ ದಾರಿ ಮಾತ್ರ ಮುಚ್ಚಿತ್ತು.

ಕಾಡಿನ ಮಕ್ಕಳು ಮತ್ತು ಮುಗಿದುಹೋದ ಯೋಜನೆ

ಈ ಸೀಮೆಯ ಪ್ರತಿಭೆಯ ಬಗ್ಗೆ ಸಂಶಯವಿರುವವರು ಸಿದ್ದಿ ಜನಾಂಗದ ಕ್ರೀಡಾ ಕಥೆಯನ್ನು ನೆನೆಯಬೇಕು. ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ, ಜೋಯಿಡಾ ತಾಲ್ಲೂಕುಗಳ ಕಾಡಂಚಿನಲ್ಲಿ ಬದುಕುವ ಸಿದ್ದಿಯರು ಆಫ್ರಿಕ ಮೂಲದವರು. ಶತಮಾನಗಳ ಹಿಂದೆ ಬಂದ ಅವರಲ್ಲಿ ಹಲವರ ಪೂರ್ವಜರು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರು. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ವಸತಿ ತರಬೇತಿ ಕೊಟ್ಟಿತು. ಗಂಡು ಹೆಣ್ಣು ಇಬ್ಬರಿಗೂ ಅಲ್ಲಿ ಅವಕಾಶವಿತ್ತು. ಕಾಲುದಾರಿಯಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಮಕ್ಕಳು ಕೆಲವೇ ವರ್ಷಗಳಲ್ಲಿ ಓಟದಲ್ಲಿ ರಾಷ್ಟ್ರಮಟ್ಟಕ್ಕೆ ಏರಿದರು. 1993ರ ಹೊತ್ತಿಗೆ ಸಿದ್ದಿಯರಿಗಾಗಿ ನಡೆಯುತ್ತಿದ್ದ ಆ ಕಾರ್ಯಕ್ರಮ ನಿಂತುಹೋಯಿತು. ಹಲವರು ಓಟದ ಬೂಟು ಕಳಚಿ ಮತ್ತೆ ಹೊಲಕ್ಕೆ, ಕೂಲಿಗೆ ಮರಳಿದರು.

ಅದು ಅಥ್ಲೆಟಿಕ್ಸ್‌ನ ಕಥೆ, ಫುಟ್‌ಬಾಲಿನದಲ್ಲ, ನಿಜ. ಆದರೆ ಪಾಠ ಎರಡಕ್ಕೂ ಒಂದೇ. ಮೇಲಿನಿಂದ ಬಂದ ಯೋಜನೆ ಮೇಲಿನವರು ಮರೆತೊಡನೆ ಮುಗಿಯುತ್ತದೆ. ಮುಂಡಗೋಡದ ಟಿಬೆಟನ್ನರ ತಂಡಕ್ಕೆ ದಿಲ್ಲಿಯ ಯೋಜನೆಯ ಆಸರೆ ಇರಲಿಲ್ಲ. ಊರೇ ಅದನ್ನು ನಡೆಸುತ್ತಿತ್ತು, ಆದ್ದರಿಂದ ಅದು ಉಳಿಯಿತು. ಊರಿನಲ್ಲೇ ಬೇರು ಬಿಡುವ ಸಂಸ್ಥೆಯೊಂದು ಬೇಕು ಎಂದಾದರೆ ಈ ತಾಲ್ಲೂಕುಗಳಲ್ಲಿ ಅಂಥದು ಯಾವುದಿದೆ? ಕಾಲೇಜು ಇದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ನಾಲ್ಕು ಕಡೆಯೂ ಪದವಿ ಕಾಲೇಜುಗಳಿವೆ. ಎಲ್ಲವೂ 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು.

ಒಂದು ಎಕರೆ ಮೂವತ್ತು ಗುಂಟೆ

ಈಗ ಲೆಕ್ಕ ಹಾಕಿ ನೋಡೋಣ. ಪೂರ್ಣ ಪ್ರಮಾಣದ ಫುಟ್‌ಬಾಲ್ ಅಂಗಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಸುಮಾರು ಒಂದು ಎಕರೆ ಮೂವತ್ತು ಗುಂಟೆ. ಕಬಡ್ಡಿ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಫುಟ್‌ಬಾಲ್ ಅಂಗಣದಲ್ಲಿ ಐವತ್ತಕ್ಕೂ ಹೆಚ್ಚು ಕಬಡ್ಡಿ ಅಂಗಣಗಳು ಹಿಡಿಯುತ್ತವೆ. ನಮ್ಮ ಹಳ್ಳಿಗಾಡಿನ ಕಾಲೇಜುಗಳು ಕಬಡ್ಡಿ, ಕೊಕ್ಕೊ, ವಾಲಿಬಾಲ್ ಕಡೆ ಒಲಿಯಲು ಇದೂ ಒಂದು ಕಾರಣ. ಗುಡ್ಡಗಾಡಿನ, ಅರಣ್ಯ ಕಾನೂನಿನ ಜೋಯಿಡಾದಂಥ ತಾಲ್ಲೂಕಿನಲ್ಲಿ ಒಂದೇ ಮಟ್ಟದ ಅಷ್ಟು ನೆಲ ಸಿಗುವುದೇ ದುರ್ಲಭ. ಗೋಕುಲಾಷ್ಟಮಿಯವರೆಗೂ ಬಿಡದೆ ಸುರಿಯುವ ಮಳೆ ಬೇರೆ. ಆದರೆ ಅದೇ ಮಳೆ ಗೋವೆಯಲ್ಲೂ ಕೇರಳದಲ್ಲೂ ಸುರಿಯುತ್ತದೆ. ಅಲ್ಲಿ ಫುಟ್‌ಬಾಲ್ ನಿಂತಿಲ್ಲ.

ಜನರ ಲೆಕ್ಕವೂ ಮುಖ್ಯ. ಹನ್ನೊಂದು ಮಂದಿ ಆಡಬೇಕಾದರೆ ಹದಿನೆಂಟು ಮಂದಿಯಾದರೂ ತಂಡದಲ್ಲಿರಬೇಕು. ಎರಡು ತಂಡವೆಂದರೆ 36 ಮಂದಿ. ನಾಲ್ಕುನೂರು ವಿದ್ಯಾರ್ಥಿಗಳ ಕಾಲೇಜಾದರೆ ಹನ್ನೊಂದರಲ್ಲಿ ಒಬ್ಬರು ಫುಟ್‌ಬಾಲ್ ಆಡಬೇಕಾಗುತ್ತದೆ. ಇದು ಸುಲಭದ ಮಾತಲ್ಲ. ಆದರೆ ಏಳು ಜನರ ಆಟಕ್ಕೆ, ಐದು ಜನರ ಆಟಕ್ಕೆ ಇಷ್ಟು ನೆಲವೂ ಬೇಡ, ಇಷ್ಟು ಮಂದಿಯೂ ಬೇಡ. ನಾಲ್ಕು ತಾಲ್ಲೂಕುಗಳ ಕಾಲೇಜುಗಳು ತಮ್ಮೊಳಗೇ ಏಳು ಜನರ ಪಂದ್ಯಗಳನ್ನು ವರ್ಷಕ್ಕೊಮ್ಮೆ ಏರ್ಪಡಿಸಿಕೊಂಡರೆ ಮೈದಾನ, ಎದುರಾಳಿ, ಪಂದ್ಯಗಳ ಪಟ್ಟಿ ಮೂರೂ ಒಟ್ಟಿಗೆ ಸಿಕ್ಕಂತಾಗುತ್ತದೆ. ಧಾರವಾಡದ ಅಂತರ ಕಾಲೇಜು ಪಂದ್ಯಗಳಿಗೆ ಪೂರ್ಣ ತಂಡ ಕಳಿಸುವುದು ಅದರ ಮುಂದಿನ ಮೆಟ್ಟಿಲು. ಬೆಂಗಳೂರು ಕಂಟೋನ್ಮೆಂಟಿನಲ್ಲಿ ಆದದ್ದೂ ಮೊದಲು ನೆರೆಯವರೊಡನೆ ಆಡಿದ್ದೇ.

ಹುಡುಗಿಯರ ತಂಡಕ್ಕೆ ಬಂದಾಗ ಇನ್ನೊಂದು ತೊಡಕು ಇದೆ. ಅದು ಸಾಮಾನ್ಯವಾಗಿ ಕ್ರೀಡಾ ಚರಿತ್ರೆಯ ಪುಸ್ತಕಗಳಲ್ಲಿ ಕಾಣುವುದಿಲ್ಲ. ಕಾಲೇಜು ಬಿಡುವ ಹೊತ್ತಿಗೂ ಹಳ್ಳಿಗೆ ಹೋಗುವ ಕೊನೆಯ ಬಸ್ಸಿಗೂ ನಡುವೆ ಇರುವ ಸಮಯ ಎಷ್ಟು ಎಂಬುದೇ ಆ ತೊಡಕು. ಹುಡುಗನೊಬ್ಬ ಬಸ್ಸು ತಪ್ಪಿದರೆ ಯಾರದೋ ಬೈಕಿನ ಹಿಂದೆ ಕುಳಿತು ಮನೆ ಸೇರುತ್ತಾನೆ. ಹುಡುಗಿ ಬಸ್ಸು ತಪ್ಪಿಸಿಕೊಂಡರೆ ಮರುದಿನದಿಂದ ಅವಳ ಆಟವೇ ನಿಂತೀತು, ಓದು ನಿಂತರೂ ಅಚ್ಚರಿಯಿಲ್ಲ. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಉಳಿಯಿತು. ಉಳಿದದ್ದು ಬಸ್ಸಿನ ವೇಳೆಯ ಪ್ರಶ್ನೆ. ಅಭ್ಯಾಸವನ್ನು ಸಂಜೆಯ ಬದಲು ಬೆಳಗಿನ ತರಗತಿಗಳ ನಡುವೆ ಇಡುವುದು, ವಾರದ ಎರಡು ದಿನ ಮೈದಾನವನ್ನು ಹುಡುಗಿಯರಿಗೇ ಮೀಸಲಿಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ವೇಳಾಪಟ್ಟಿ ಬರೆಯುವವರು ಮನಸ್ಸು ಮಾಡಿದರೆ ಆಗುವಂಥವು. 1921ರಲ್ಲಿ ಇಂಗ್ಲೆಂಡಿನ ಸಂಸ್ಥೆ ಹೆಂಗಸರನ್ನು ಆಟದಿಂದ ಹೊರಗಿಟ್ಟದ್ದು ಮೈದಾನದ ಬಾಗಿಲು ಹಾಕಿ. ನಮ್ಮಲ್ಲಿ ಯಾರೂ ಬಾಗಿಲು ಹಾಕಿಲ್ಲ. ಆದರೆ ನಾಲ್ಕು ಗಂಟೆಯ ನಂತರ ಮೈದಾನ ಹುಡುಗರದು ಎಂಬ ರೂಢಿಯೇ ಬಾಗಿಲಿನ ಕೆಲಸ ಮಾಡಿಬಿಡುತ್ತದೆ.

ಎರಡು ತಂಡ ಕಟ್ಟಿದ ಮಾತ್ರಕ್ಕೆ ಜೋಯಿಡಾದಿಂದಲೋ ಮುಂಡಗೋಡದಿಂದಲೋ ನಾಳೆ ಒಲಿಂಪಿಕ್ ಆಟಗಾರರು ಬರುತ್ತಾರೆಂದು ಯಾರೂ ಹೇಳಲಾರರು. ಅಮೆರಿಕದ ಸಣ್ಣ ಕಾಲೇಜುಗಳಿಂದಲೂ ವಿಶ್ವಕಪ್ ಆಟಗಾರ್ತಿಯರು ಬರುವುದು ಅಪರೂಪ. ಅಲ್ಲಿ ಆಡಿದವರು ಮುಂದೆ ಶಿಕ್ಷಕಿಯರೋ ವೈದ್ಯರೋ ತಾಯಂದಿರೋ ಆಗಿ ತಮ್ಮ ಊರಿನ ಮಕ್ಕಳಿಗೆ ಆಟ ಕಲಿಸುತ್ತಾರೆ. ಹೀಗೆ ಒಂದು ತಲೆಮಾರು ದಾಟಿದರೆ ಹೆಣ್ಣುಮಗು ಚೆಂಡು ಒದೆಯುವುದನ್ನು ಕಂಡು ಬೆರಗಾಗುವವರು ಇರುವುದಿಲ್ಲ. ಸಿಯೋಲಿಂನ ಪಾದ್ರಿಯಾಗಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಲಿ ಮಾಡಿದ್ದು ಇದಕ್ಕಿಂತ ದೊಡ್ಡ ಕೆಲಸವೇನಲ್ಲ. ತಮ್ಮ ಮುಂದಿದ್ದ ಮಕ್ಕಳಿಗೆ ಒಂದು ಚೆಂಡು ಕೊಟ್ಟು ನಿಯಮ ಹೇಳಿಕೊಟ್ಟರು. ಅವರ ಮುಂದೆ ಇದ್ದವರು ಹುಡುಗರು ಮಾತ್ರ. ನಮ್ಮ ತಾಲ್ಲೂಕು ಕಾಲೇಜುಗಳ ತರಗತಿಯಲ್ಲಿ ಇಂದು ಹುಡುಗಿಯರೂ ಕುಳಿತಿದ್ದಾರೆ. ಮುಂದಿನ ವರ್ಷದ ವೇಳಾಪಟ್ಟಿ ಬರೆಯುವಾಗ ಅವರನ್ನೂ ಲೆಕ್ಕಕ್ಕೆ ಹಿಡಿದರೆ ಸಾಕು.